ಉಪ್ಪಾಗೆಯ ಅಮೆರಿಕ ಯಾತ್ರೆ

ಬೆಂಗಳೂರಿನಲ್ಲಿ ಬಸ್ಸು ಕಾಯುವವರಿಗೆ ಓದಲು ಪುಸ್ತಕ ಬೇಕಾಗಿಲ್ಲ, ಕಂಬಗಳೇ ಸಾಕು. ಪಿಜಿ ಖಾಲಿ ಇದೆ, ಮೂಲವ್ಯಾಧಿಗೆ ಆಪರೇಷನ್ ಬೇಡ, ಮನೆಯಲ್ಲೇ ಕೂತು ಸಂಪಾದಿಸಿ. ಇವೆಲ್ಲದರ ಮೇಲೆ ಹಸಿ ಅಂಟಿನ ಹೊಸ ಚೀಟಿ: ‘ತಿಂಗಳಿಗೆ ಹತ್ತು ಕೆಜಿ ಇಳಿಸಿ. ಪಥ್ಯ ಇಲ್ಲ, ವ್ಯಾಯಾಮ ಇಲ್ಲ. ಕರೆ ಮಾಡಿ.’ ಬೊಜ್ಜು ಕರಗಿಸುವ ಔಷಧಿ ಎಂದು ಹೀಗೆ ಜಾಹೀರಾತು ಹಾಕುವುದನ್ನು 1954ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿದ್ದಾರೆ. ಕ್ಯಾನ್ಸರ್, ಮಧುಮೇಹಗಳಿರುವ ಪಟ್ಟಿಯಲ್ಲಿ ಬೊಜ್ಜಿನ ಹೆಸರೂ ಇದೆ. ಕಾಯ್ದೆ ಪುಸ್ತಕದಲ್ಲಿದೆ, ಚೀಟಿ ಕಂಬದಲ್ಲಿದೆ. ಅವೆರಡಕ್ಕೂ ಇನ್ನೂ ಮುಖಾಮುಖಿ ಆಗಿಲ್ಲ ಅಷ್ಟೆ.

ನಮ್ಮ ಭಾವ ಕಂಬ ನಂಬುವವರಲ್ಲ. ಓದಿದವರು, ಆನ್‌ಲೈನಿನಲ್ಲಿ ತರಿಸುತ್ತಾರೆ. ಮಗಳ ಮದುವೆ ಗೊತ್ತಾಗಿತ್ತು. ಆರತಕ್ಷತೆಗೆ ಹಾಕಬೇಕೆಂದಿದ್ದ ಹಳೇ ಸೂಟಿನ ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳಿನ ವೈಮನಸ್ಯ. ಸರಿ, ಅಮೆರಿಕದಿಂದ ಒಂದು ಡಬ್ಬಿ ಬಂತು. ಬೆಲೆ ಕೇಳಿದರೆ ಭಾವ ಕನ್ನಡಕ ಒರೆಸಿಕೊಳ್ಳುತ್ತಾರೆ.

“ನೂರಕ್ಕೆ ನೂರು ನ್ಯಾಚುರಲ್ ಕಣೋ. ಕೆಮಿಕಲ್ಲು ಒಂದು ಚೂರೂ ಇಲ್ಲ. ಗಾರ್ಸೀನಿಯಾ ಕಾಂಬೋಜಿಯಾ!”

ಅಕ್ಕ ಡಬ್ಬಿ ಇಸಿದುಕೊಂಡು ಮೇಲಿನ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಸಣ್ಣ ಕುಂಬಳಕಾಯಿಯ ಹಾಗೆ ಗೀರುಗೀರಾದ ಹಳದಿ ಹಣ್ಣು. “ಇದು ನಮ್ಮೂರಿನ ಉಪ್ಪಾಗೆ ಅಲ್ಲವೇನ್ರೀ?” ಅಂದಳು.

ಉಪ್ಪಾಗೆಯೇ. ಶಿರಸಿ, ಸಿದ್ದಾಪುರದ ಕಡೆಯವರಿಗೆ ಇದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಕಾಡಿನಿಂದ ಹಣ್ಣು ಹೆಕ್ಕಿ ತಂದು, ಬೀಜ ಬಿಡಿಸಿ, ಸಿಪ್ಪೆಯನ್ನು ಬೆಂಕಿಯ ಮೇಲೆ ಅಟ್ಟ ಕಟ್ಟಿ ಹೊಗೆಯಲ್ಲಿ ಒಣಗಿಸಿದರೆ ಕಪ್ಪಗೆ ಮುದುಡಿಕೊಂಡು ಹುಳಿಯಾಗುತ್ತದೆ. ಕೇರಳದವರು ಅದನ್ನು ಮೀನಿನ ಸಾರಿಗೆ ಹಾಕುತ್ತಾರೆ. ಕೊಡಗಿನವರು ಇದೇ ಹಣ್ಣಿನ ರಸವನ್ನು ಕಪ್ಪಗೆ ಕಾಯಿಸಿ ಕಾಚಂಪುಳಿ ಮಾಡಿ ಪಂದಿ ಕರಿಗೆ ಸುರಿಯುತ್ತಾರೆ. ಬಾಣಲೆಯಲ್ಲೇ ಇರುವ ಹಂದಿಯ ಕೊಬ್ಬನ್ನು ಕರಗಿಸದ ಹುಳಿ, ಉಂಡವರ ಹೊಟ್ಟೆಗೆ ಹೋಗಿ ಅವರ ಕೊಬ್ಬನ್ನು ಹುಡುಕಿ ಕರಗಿಸುತ್ತದೆಂದು ನಂಬಲು ಒಂದು ಮಟ್ಟದ ವಿದ್ಯಾಭ್ಯಾಸ ಬೇಕು. ಇನ್ನೂ ಸ್ವಾರಸ್ಯ ಬೀಜದಲ್ಲಿದೆ. ಅದರಿಂದ ತೆಗೆದ ಉಪ್ಪಾಗೆ ತುಪ್ಪದಲ್ಲಿ ಮಲೆನಾಡಿನ ಅಜ್ಜಿಯರು ದೋಸೆ ಎರೆದಿದ್ದಾರೆ. ಅಂದರೆ ಒಂದೇ ಹಣ್ಣಿನ ಬೀಜ ಕೊಬ್ಬು ಕೊಡುತ್ತದೆ, ಸಿಪ್ಪೆ ಕೊಬ್ಬು ಕಳೆಯುತ್ತದೆಂದು ಹಡಗು ಹತ್ತುತ್ತದೆ.

ಹಡಗು ಹತ್ತಿದ್ದಕ್ಕೆ ಕಾರಣ ಇಲ್ಲದಿಲ್ಲ. ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಇದೆ. ಹೆಚ್ಚಾದ ಸಕ್ಕರೆಯನ್ನು ಕೊಬ್ಬಾಗಿಸುವ ಕೆಲಸದಲ್ಲಿರುವ ಒಂದು ಕಿಣ್ವಕ್ಕೆ ಅದು ಅಡ್ಡಗಾಲು ಹಾಕುತ್ತದೆ. ಇಲಿಗಳಲ್ಲಿ ಇದು ಕಂಡಿತು. ಇಲಿ ತೆಳ್ಳಗಾದ ಸುದ್ದಿ ಸಿಕ್ಕರೆ ವ್ಯಾಪಾರಿ ಮನುಷ್ಯರಿಗಾಗಿ ಕಾಯುತ್ತಾನೆಯೇ? ಉಪ್ಪಾಗೆ ಸಿಪ್ಪೆಗೆ ಬೆಲೆ ಬಂತು. ಹಣ್ಣಾಗುವವರೆಗೆ ತಾಳದೆ ಟೊಂಗೆ ಕಡಿದು ಕಾಯಿ ಕೊಯ್ದವರೂ ಉಂಟು. ಒಣಗಿಸಲು ಕಾಡಿನ ಸೌದೆ ಬೇರೆ ಉರಿಯಿತು. ಅಂತೂ ಇಂತೂ ಕರಗಿದ್ದು ಕಾಡು.

ಕೊನೆಗೆ ಮನುಷ್ಯರ ಮೇಲೂ ಪರೀಕ್ಷೆ ಆಯಿತು. ಅಮೆರಿಕದ ವೈದ್ಯಕೀಯ ಪತ್ರಿಕೆ ‘ಜಾಮಾ’ದಲ್ಲಿ 1998ರಲ್ಲಿ ಬಂದ ವರದಿ. 135 ದಪ್ಪ ಜನರನ್ನು ಎರಡು ಪಾಲು ಮಾಡಿ, ಎಲ್ಲರಿಗೂ ಒಂದೇ ಪಥ್ಯ ಹೇಳಿ, ಹನ್ನೆರಡು ವಾರ ಒಂದು ಪಾಲಿಗೆ ಉಪ್ಪಾಗೆ ಸಾರ, ಇನ್ನೊಂದಕ್ಕೆ ಏನೂ ಇಲ್ಲದ ಸುಳ್ಳು ಮಾತ್ರೆ ಕೊಟ್ಟರು. ಉಪ್ಪಾಗೆಯವರು ಸರಾಸರಿ 3.2 ಕೆಜಿ ಇಳಿದರು. ಸುಳ್ಳು ಮಾತ್ರೆಯವರು 4.1 ಕೆಜಿ! ಲೆಕ್ಕಶಾಸ್ತ್ರದವರು ಈ ವ್ಯತ್ಯಾಸಕ್ಕೆ ಅರ್ಥವಿಲ್ಲ ಅನ್ನುತ್ತಾರೆ, ಒಪ್ಪೋಣ. ಹಿತ್ತಲ ಗಿಡ ಮದ್ದಲ್ಲ ಅನ್ನುವ ನಮ್ಮ ಗಾದೆ ವ್ಯಂಗ್ಯ ಬಿಟ್ಟು ಅಕ್ಷರಶಃ ನಿಜವಾದದ್ದು ಅವತ್ತೇ ಇರಬೇಕು.

ಭಾವ ಅಷ್ಟಕ್ಕೆಲ್ಲ ಬಗ್ಗುವವರಲ್ಲ. “ಹೋಗಲಿ, ಲಾಭ ಇಲ್ಲದಿದ್ದರೂ ನಷ್ಟವಂತೂ ಇಲ್ಲವಲ್ಲ, ಹಣ್ಣು ತಾನೇ?” ಅಂದರು. ಇಲ್ಲೇ ನನಗೆ ತಕರಾರು. ಸಾರಿಗೆ ಎರಡು ಎಸಳು ಹಾಕಿದ ಉಪ್ಪಾಗೆ ಬೇರೆ, ಹಿಂಡಿ ಸಾರ ತೆಗೆದು ಮಾತ್ರೆಗೆ ತುಂಬಿ ದಿನಕ್ಕೆ ಮೂರು ಹೊತ್ತು ನುಂಗುವ ಉಪ್ಪಾಗೆ ಬೇರೆ. ಅಂಥ ಮಾತ್ರೆ ತಿಂದು ಲಿವರ್ ಕೆಡಿಸಿಕೊಂಡವರ ವರದಿಗಳಿವೆ. ಮೇಲಾಗಿ, ಲೇಬಲ್ಲಿನಲ್ಲಿ ಬರೆದದ್ದೇ ಡಬ್ಬಿಯಲ್ಲಿದೆ ಎಂದು ಯಾರು ಹೇಳಿದರು? ಸಿಬುಟ್ರಾಮಿನ್ ಎಂಬ ಹಸಿವು ತಗ್ಗಿಸುವ ಮಾತ್ರೆಯನ್ನು ಹೃದಯಾಘಾತ, ಪಾರ್ಶ್ವವಾಯುವಿನ ಭಯಕ್ಕೆ 2010ರಲ್ಲಿ ಯುರೋಪು, ಅಮೆರಿಕಗಳ ಮಾರುಕಟ್ಟೆಯಿಂದ ತೆಗೆದರು. ಆಮೇಲೆ ಅದು ಸಿಕ್ಕಿಬಿದ್ದದ್ದು ಎಲ್ಲಿ ಅಂತೀರಿ? ‘ಗಿಡಮೂಲಿಕೆ’ ಎಂದು ಬರೆದ ಡಬ್ಬಿಗಳಲ್ಲೇ, ಮತ್ತೆ ಮತ್ತೆ. ಹಸಿರು ಎಲೆಯ ಚಿತ್ರ ಅಚ್ಚು ಹಾಕಲು ಯಾರ ಅಪ್ಪಣೆಯೂ ಬೇಡ.

ನಿಜವಾಗಿ ಕರಗಿಸಿದ ಮದ್ದಿನ ಕಥೆ ಇನ್ನೂ ಘೋರ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಸಿಡಿಮದ್ದಿನ ಕಾರ್ಖಾನೆಗಳ ಕೂಲಿಯವರು ಡೈನೈಟ್ರೋಫಿನಾಲ್ ಮೈಗೆ ಸೇರಿ ಬೆವರಿ ಸೊರಗುತ್ತಿದ್ದರು. 1933ರ ಹೊತ್ತಿಗೆ ಅಮೆರಿಕದಲ್ಲಿ ಅದೇ ತೂಕ ಇಳಿಸುವ ಮಾತ್ರೆಯಾಯಿತು. ಮೈ ಒಳಗಿನಿಂದಲೇ ಕಾಯುತ್ತದೆ, ತೂಕ ಇಳಿಯುತ್ತದೆ. ಕೆಲವರಿಗೆ ಕಣ್ಣಿಗೆ ಪೊರೆ ಬಂತು, ಕೆಲವರು ಜ್ವರ ಏರಿ ಸತ್ತರು. 1938ರಲ್ಲಿ ಅದಕ್ಕೆ ಬಾಗಿಲು ಹಾಕಿದರು. ಕದ್ದು ಮಾರುವವರು ಈಗಲೂ ಇದ್ದಾರೆ, ಕೊಂಡು ಸಾಯುವವರೂ ಇದ್ದಾರೆ. ಇದರಲ್ಲಿ ನಗಲು ಏನೂ ಇಲ್ಲ.

ಮತ್ತೆ ಕಂಬದ ಚೀಟಿಗೆ ಬರೋಣ, ಲೆಕ್ಕ ಸುಲಭ. ಮೈಯ ಒಂದು ಕೆಜಿ ಕೊಬ್ಬೆಂದರೆ ಸುಮಾರು 7,700 ಕ್ಯಾಲೊರಿ. ಹತ್ತು ಕೆಜಿಗೆ 77,000. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ ಎರಡೂವರೆ ಸಾವಿರದ ಮೇಲೆ. ಸಾಧಾರಣ ಮನುಷ್ಯನ ಇಡೀ ದಿನದ ಖರ್ಚೇ ಎರಡು, ಎರಡೂವರೆ ಸಾವಿರ. ಅಂದರೆ ತಿಂಗಳಿಡೀ ನಿರಾಹಾರ ಮಲಗಿದರೂ ಹತ್ತು ಕೆಜಿ ಕೊಬ್ಬು ಹೋಗುವುದು ಕಷ್ಟ! ಹಾಗಾದರೆ ಮೊದಲ ವಾರದಲ್ಲೇ ತಕ್ಕಡಿಯ ಮುಳ್ಳು ಇಳಿಯುವುದು ಹೇಗೆ? ಲಿವರು, ಸ್ನಾಯುಗಳಲ್ಲಿ ಕೂಡಿಟ್ಟ ಪಿಷ್ಟ ಮೊದಲು ಖಾಲಿಯಾಗುತ್ತದೆ, ಅದರ ಒಂದೊಂದು ಗ್ರಾಂ ಜೊತೆಗೆ ಮೂರು ಗ್ರಾಂನಷ್ಟು ನೀರೂ ಹೊರಡುತ್ತದೆ. ಉಚ್ಚೆ ಹೋಗಿಸುವ ಮಾತ್ರೆ, ಪ್ಲಾಸ್ಟಿಕ್ ಜಾಕೆಟ್ ತೊಟ್ಟ ಓಟ, ಭೇದಿ ಮಾತ್ರೆ, ಎಲ್ಲವೂ ನೀರಿನ ವ್ಯಾಪಾರವೇ. ಭೇದಿ ಮಾತ್ರೆ ಕೆಲಸ ಶುರುಮಾಡುವುದು ದೊಡ್ಡ ಕರುಳಿನಲ್ಲಿ. ನೀವು ತಿಂದ ಹೋಳಿಗೆ ಸಣ್ಣ ಕರುಳಿನಲ್ಲೇ ಸಹಿ ಹಾಕಿ ಒಳಗೆ ಹೋಗಿ ಆಗಿರುತ್ತದೆ. ನೀರಿನ ಜೊತೆ ಪೊಟ್ಯಾಸಿಯಂ ಹೋದರೆ ಮಾತ್ರ ಹೃದಯದ ತಾಳ ತಪ್ಪುತ್ತದೆ. ಉಪವಾಸ ಬಿದ್ದು ಸರಸರನೆ ಇಳಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವುದು ಬೇರೆ.

ಈಗಂತೂ ಚುಚ್ಚುಮದ್ದಿನ ಕಾಲ. ಅವು ಕೆಲಸ ಮಾಡುತ್ತವೆ, ಅದರಲ್ಲಿ ಅನುಮಾನವಿಲ್ಲ. ಆದರೆ ಯಾರಿಗೆ, ಎಷ್ಟು ಎಂದು ವೈದ್ಯರು ನೋಡಿ ಬರೆಯಬೇಕಾದದ್ದನ್ನು ಕಿಟಿ ಪಾರ್ಟಿಯಲ್ಲಿ ಉಪ್ಪಿನಕಾಯಿ ಬಾಟಲಿಯಂತೆ ಕೈಬದಲಿಸುತ್ತಾರಂತೆ. ಆ ಪುರಾಣ ಇನ್ನೊಮ್ಮೆ.

ಭಾವನನ್ನು ಅಕ್ಕ ಕೊನೆಗೆ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಅವರು ಡಬ್ಬಿ ನೋಡಿ, ರಕ್ತ ಪರೀಕ್ಷೆ ಬರೆದುಕೊಟ್ಟು, ವಾರಕ್ಕೆ ಅರ್ಧ ಕೆಜಿ ಇಳಿದರೆ ಧಾರಾಳವಾಯಿತು ಅಂದರಂತೆ. ಭಾವ ಅಲ್ಲೇ ಬೆರಳು ಮಡಿಚಿದರು. ಹತ್ತು ಕೆಜಿಗೆ ಇಪ್ಪತ್ತು ವಾರ. ಮದುವೆಗೆ ಉಳಿದಿದ್ದು ಆರು.

“ಹಾಗಾದರೆ ಏನು ಮಾಡಲಿ ಡಾಕ್ಟ್ರೇ?”

“ಸೂಟಿನ ಹೊಲಿಗೆ ಬಿಚ್ಚಿಸಿ ನೋಡಿದಿರಾ? ಹಳೇ ಟೈಲರುಗಳು ಒಳಗೆ ಬಟ್ಟೆ ಬಿಟ್ಟಿರುತ್ತಿದ್ದರು.”

ಬಿಟ್ಟಿದ್ದನಂತೆ, ಎರಡೂ ಕಡೆ ಒಂದೊಂದು ಇಂಚು.