ಉಪ ಗ್ರಾಫಿಕ್ಸ್ ಕಾರ್ಡ್

ಬೆಂಗಳೂರಿನಲ್ಲಿ ಒಬ್ಬನ ಸಂಬಳ ಎಷ್ಟೆಂದು ಬಾಯಿಬಿಟ್ಟು ಕೇಳಬೇಕಿಲ್ಲ. ಮೇಜಿನ ಮೇಲೆ ಎಷ್ಟು ಮಾನಿಟರ್ ಇವೆ ಎಂದು ಎಣಿಸಿದರೆ ಸಾಕು. ಒಂದೇ ಇದ್ದರೆ ಪಾಪ, ಹೊಸದಾಗಿ ಸೇರಿದವನು. ಎರಡಿದ್ದರೆ ಸೀನಿಯರ್. ಅದರಲ್ಲೊಂದನ್ನು ಉದ್ದಕ್ಕೆ ನಿಲ್ಲಿಸಿದ್ದಾನೋ, ಅವನನ್ನು ಮಾತನಾಡಿಸಲು ಮೀಟಿಂಗ್ ಹಾಕಿಸಬೇಕು. ಮನೆಯಿಂದಲೇ ಕೆಲಸ ಶುರುವಾದ ಮೇಲೆ ಈ ಅಂತಸ್ತೂ ಮನೆಗೆ ಬಂತು, ಹಿಂದೆಯೇ ಎರಡನೇ ಮಾನಿಟರೂ ಬಂತು. ಇನ್ನು ಇದರ ವಯರು ಚುಚ್ಚುವುದೆಲ್ಲಿ?

ಉತ್ತರ ಸಿಪಿಯು ಡಬ್ಬದ ಬೆನ್ನಲ್ಲಿದೆ. ಆದರೆ ಆ ಬೆನ್ನು ಗೋಡೆಯ ಕಡೆಗಿದೆ. ನೋಡಬೇಕೆಂದರೆ ಬಗ್ಗಬೇಕು, ಡಬ್ಬ ಎಳೆಯಬೇಕು, ಧೂಳು ಕುಡಿಯಬೇಕು. ಇಷ್ಟು ತ್ರಾಸ ಯಾರಿಗೆ ಬೇಕು? ನಮ್ಮ ಟೆಕ್ಕಿ ಸೀದಾ ಎಸ್.ಪಿ. ರೋಡಿಗೆ ಹೊರಟ. ಸದರ್ ಪತ್ರಪ್ಪನವರ ಹೆಸರಿನ ಆ ರಸ್ತೆಯಲ್ಲಿ ಗಿರಾಕಿಯನ್ನು ಬರಿಗೈಲಿ ಕಳಿಸುವ ಅಂಗಡಿ ಇನ್ನೂ ಹುಟ್ಟಿಲ್ಲ.

"ಎರಡು ಮಾನಿಟರಾ ಸಾರ್? ಹಂಗಾದ್ರೆ ಎರಡು ಕಾರ್ಡ್ ಬೇಕಾಗ್ತದಲ್ಲ!"

ಈ ಲೆಕ್ಕ ಒಂದು ಕಾಲಕ್ಕೆ ಸರಿಯೇ ಇತ್ತು, ಇಲ್ಲವೆನ್ನಲಾಗದು. 1998ರಲ್ಲಿ ವಿಂಡೋಸ್ 98 ಬಂದು ಒಂದಕ್ಕಿಂತ ಹೆಚ್ಚು ಪರದೆಗೆ ಅನುಮತಿ ಕೊಟ್ಟಾಗ, ಸಾಮಾನ್ಯ ಕಾರ್ಡಿಗೆ ಇದ್ದದ್ದು ಒಂದೇ ವಿಜಿಎ ಕಿಂಡಿ. ಎರಡನೇ ಪರದೆ ಬೇಕಿದ್ದವರು ಎರಡನೇ ಕಾರ್ಡ್ ಸಿಕ್ಕಿಸಬೇಕಿತ್ತು. ಮರುವರ್ಷವೇ ಮ್ಯಾಟ್ರಾಕ್ಸ್ ಕಂಪನಿ ತನ್ನ ಜಿ400 ಕಾರ್ಡಿಗೆ ಎರಡು ಕಿಂಡಿ ಇಟ್ಟು ಆ ಅಗತ್ಯಕ್ಕೆ ಎಳ್ಳುನೀರು ಬಿಟ್ಟಿತು. ಈಗಿನ ಗೇಮಿಂಗ್ ಕಾರ್ಡುಗಳಿಗೆ ಸಾಮಾನ್ಯವಾಗಿ ಮೂರೋ ನಾಲ್ಕೋ ಕಿಂಡಿ. ಟೆಕ್ಕಿಯ ಕಾರ್ಡಿನಲ್ಲೂ ಅಷ್ಟೇ ಇವೆ, ಕೊಂಡಾಗಿನ ಪ್ಲಾಸ್ಟಿಕ್ ಮುಚ್ಚಳಗಳ ಸಮೇತ. ಕಾರಣ ಸತ್ತು ಕಾಲು ಶತಮಾನವಾದರೂ ಸಲಹೆ ಮಾತ್ರ ಗಟ್ಟಿಮುಟ್ಟಾಗಿದೆ. ಅದರಲ್ಲಿ ಮಾರ್ಜಿನ್ ಇದೆಯಲ್ಲ!

ಕರ್ನಾಟಕದವರಿಗೆ ಎರಡನೇ ಕಾರ್ಡಿನ ಸ್ಥಾನಮಾನ ವಿವರಿಸುವುದು ಸುಲಭ. ಅದು ಉಪಮುಖ್ಯಮಂತ್ರಿ. ಸಂವಿಧಾನದಲ್ಲಿ ಆ ಹುದ್ದೆಯ ಪ್ರಸ್ತಾಪವೇ ಇಲ್ಲ, ಆದರೂ ಕುರ್ಚಿ ಹಾಕಲೇಬೇಕು. ಮದರ್‌ಬೋರ್ಡಿನಲ್ಲೂ ಹಾಕಿದ್ದಾರೆ: ಎರಡನೇ ಸ್ಲಾಟ್ ಉದ್ದದಲ್ಲಿ ಮೊದಲನೆಯದಕ್ಕೆ ಸರಿಸಮ. ಆದರೆ ಎಷ್ಟೋ ಬೋರ್ಡುಗಳಲ್ಲಿ ಹದಿನಾರು ಲೇನ್ ಇರಬೇಕಾದ ಕಡೆ ಒಳಗೆ ಕೊಟ್ಟಿರುವುದು ನಾಲ್ಕೇ. ಯಾರು ಪ್ರೈಮರಿ, ಯಾರು ಸೆಕೆಂಡರಿ ಎಂಬುದನ್ನು ಬಯಾಸ್ ಎಂಬ ಹೈಕಮಾಂಡ್ ತೀರ್ಮಾನಿಸುತ್ತದೆ. ಕಂಪ್ಯೂಟರ್ ಆನ್ ಆಗುವಾಗ ಲೋಗೋ ಯಾರ ಪರದೆಯಲ್ಲಿ ಮೂಡುತ್ತದೋ ಅವರೇ ಸದ್ಯದ ಮುಖ್ಯಮಂತ್ರಿ. ಇನ್ನು ಪ್ರೊಸೆಸರಿನಲ್ಲೇ ಹುಟ್ಟಿ ಬೆಳೆದ ಗ್ರಾಫಿಕ್ಸ್ ಒಂದಿರುತ್ತದಲ್ಲ, ಎರಡನೇ ಮಾನಿಟರನ್ನು ಬಿಟ್ಟಿಯಾಗಿ ನಡೆಸಬಲ್ಲದ್ದು? ಅದು ನಿಷ್ಠಾವಂತ ಕಾರ್ಯಕರ್ತ. ಹೊರಗಿನಿಂದ ಕಾರ್ಡ್ ಬಂದು ಕೂತ ಕೂಡಲೇ ಅನೇಕ ಬೋರ್ಡುಗಳು ಅದನ್ನು ಮೂಲೆಗೆ ತಳ್ಳುತ್ತವೆ. ಹೈಕಮಾಂಡಿನ ಒಳಕೋಣೆಗೆ ಹೋಗಿ ಯಾರಾದರೂ ಅದರ ಹೆಸರು ಎತ್ತುವ ತನಕ ಅದಕ್ಕೆ ಕೆಲಸವಿಲ್ಲ.

ಸಮನ್ವಯ ಸಮಿತಿಯನ್ನೂ ರಚಿಸಿ ನೋಡಿದ್ದಾರೆ. ಎನ್‌ವಿಡಿಯಾದ ಎಸ್‌ಎಲ್‌ಐ ಎಂಬ ವ್ಯವಸ್ಥೆಯಲ್ಲಿ ಎರಡು ಕಾರ್ಡುಗಳ ನಡುವೆ ಸೇತುವೆ ಕೂರಿಸಿ ಒಟ್ಟಿಗೆ ದುಡಿಸುತ್ತಿದ್ದರು. ಮೊದಮೊದಲ ವರ್ಷಗಳಲ್ಲಿ ಅದನ್ನು ಚಾಲೂ ಮಾಡಿದರೆ ಎರಡನೇ ಮಾನಿಟರ್ ಆರಿಹೋಗುತ್ತಿತ್ತು. 2021ರಲ್ಲಂತೂ ಅದೇ ಕಂಪನಿ ಕ್ರಿಪ್ಟೊ ಗಣಿಗಾರಿಕೆಗೆಂದು ಒಂದೂ ಕಿಂಡಿ ಇಲ್ಲದ ಸಿಎಂಪಿ ಕಾರ್ಡುಗಳನ್ನು ಬಿಟ್ಟಿತು. ಖಾತೆ ಇಲ್ಲದ ಮಂತ್ರಿ! ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಾರ್ಡಿನ ಹಿಂಬದಿ ಮುಟ್ಟಿ ನೋಡಿ ದುಡ್ಡು ಕೊಡಿ.

ಟೆಕ್ಕಿಗೆ ಸಿಕ್ಕಿದ್ದು ಜಿಟಿ 710, ಅಗ್ಗದ ಮಾಲು. ಆ ಪೀಳಿಗೆಯ ಚಿಪ್ಪುಗಳಿಗೆ ಹೊಸ ಗೇಮಿಂಗ್ ಡ್ರೈವರ್ ನಿಂತದ್ದೂ 2021ರಲ್ಲೇ. ಇವನ ಮೊದಲ ಕಾರ್ಡ್ ಆರ್‌ಟಿಎಕ್ಸ್ 4060. ಹೊಸ ಡ್ರೈವರ್ ಹಾಕಿದರೆ 710 ಕಣ್ಣು ಮುಚ್ಚುತ್ತದೆ, ಹಳೆಯದನ್ನು ಹಾಕಿದರೆ 4060 ಗುರುತೇ ಹಿಡಿಯುವುದಿಲ್ಲ. ಒಂದು ವಾರಾಂತ್ಯ ಹೀಗೆ ಭಿನ್ನಮತ ಶಮನದಲ್ಲೇ ಕಳೆಯಿತು. ಪಕ್ಕದ ಮನೆಯ ಪಿಯುಸಿ ಹುಡುಗ ಬಂದು, ಡಬ್ಬ ತಿರುಗಿಸಿ, 4060ರ ಮುಚ್ಚಳ ಕಿತ್ತು, ವಯರು ಚುಚ್ಚಿ ಹೋದ. 710 ಒಳಗೇ ಇದೆ. ದುಡ್ಡು ಕೊಟ್ಟು ತಂದಿದ್ದಲ್ಲವೇ, ಫ್ಯಾನ್ ತಿರುಗಿಸಿಕೊಂಡು ಇರಲಿ.

ಎರಡು ಪರದೆಯೂ ಬೆಳಗಿದವು. ಹೊಸ ತಾಪತ್ರಯವೆಂದರೆ, ಮೌಸನ್ನು ಬಲಕ್ಕೆ ಎಳೆದರೆ ಬಾಣ ಎಡಗಡೆಯ ಮಾನಿಟರಿಗೆ ಹಾರುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ 1, 2 ಎಂದು ಬರೆದ ಚೌಕಗಳಿರುತ್ತವೆ, ಒಂದನ್ನು ಎಳೆದು ಆಚೆ ಬದಿಗೆ ಬಿಟ್ಟರೆ ಮುಗಿಯಿತು. ಟೆಕ್ಕಿ ಮಾನಿಟರನ್ನೇ ಎತ್ತಿ ಆಚೆ ಬದಿಗಿಟ್ಟ. ಅಲ್ಲಿ ಮೇಜು ಸಾಲಲಿಲ್ಲ. ಬಡಗಿಯನ್ನು ಕರೆಸಿದ. ಆತ ಟೇಪು ಹಿಡಿದು ಆ ತುದಿಯಿಂದ ಈ ತುದಿಯವರೆಗೆ ಅಳೆದು, ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡ.

"ಮೂರನೇದು ಬರೋದಿದ್ರೆ ಈಗಲೇ ಹೇಳ್ಬಿಡಿ ಸಾರ್. ಪ್ಲೈವುಡ್ ಒಂದೇ ಸಲಕ್ಕೆ ತರಿಸಿಬಿಡಾಣ."