ಲಿಂಕ್ ಇದೆ, ಬೀಗದ ಕೈ ಯಾರ ಹತ್ತಿರ?

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಎಂಬ ಸುದ್ದಿ ಬಿದ್ದ ಕೂಡಲೇ ನಮ್ಮ ಕಡೆಯ ಕಾಲೇಜುಗಳಲ್ಲಿ ಕೆಲವು ಕೆಲಸಗಳು ಯಾರೂ ಹೇಳದೆ ಶುರುವಾಗುತ್ತವೆ. ಕಾಂಪೌಂಡಿಗೆ ಸುಣ್ಣ, ಹೂಕುಂಡಕ್ಕೆ ಕೆಮ್ಮಣ್ಣು, ಕೆಟ್ಟ ಫ್ಯಾನಿಗೆ ಪರದೆಯ ಮರೆ. ಈಗ ಈ ಪಟ್ಟಿಗೆ ಹೊಸದೊಂದು ಸೇರಿದೆ. ಅದರ ಹೆಸರು ಆನ್‌ಲೈನ್ ರಿಸರ್ಚ್ ಗೈಡ್.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಡುವೆ ಓಡಾಡುವ ಕೆಂಪು ಬಸ್ಸುಗಳ ದಾರಿಯಲ್ಲಿ ಎಲ್ಲೋ ಒಂದು ಕಡೆ ನಾನು ಹೇಳುವ ಕಾಲೇಜು ಇದೆ ಎಂದುಕೊಳ್ಳಿ. ಹುಡುಕಲು ಹೋಗಬೇಡಿ. ಒಂದೂ ಸಿಗದೆ ಹೋದರೆ ನಿಮಗೆ ಬೇಜಾರು, ಐದಾರು ಸಿಕ್ಕಿದರೆ ನನಗೆ ತೊಂದರೆ.

ಅಲ್ಲಿ ಗ್ರಂಥಪಾಲಕರ ಹುದ್ದೆ ಖಾಲಿ. ಪ್ರಭಾರ ಕನ್ನಡ ಮೇಡಮ್ಮಿನದು. ಅವರು ಪರೀಕ್ಷಾ ಕೆಲಸಕ್ಕೆ ಹೋದರೆ ಪಿ.ಟಿ. ಮೇಷ್ಟರದು. ಪಿ.ಟಿ. ಮೇಷ್ಟರು ಟೂರ್ನಮೆಂಟಿಗೆ ಹೋದರೆ ಬೀಗದ್ದು. ಈ ಭದ್ರವಾದ ತಳಪಾಯದ ಮೇಲೆ ಡಿಜಿಟಲ್ ಕಟ್ಟಡ ಎಬ್ಬಿಸಲು ಪ್ರಿನ್ಸಿಪಾಲರು ಸಭೆ ಕರೆದರು.

"ಮೇಡಂ, ಹದಿನೈದು ಡಿಪಾರ್ಟ್‌ಮೆಂಟಿಗೂ ಒಂದೊಂದು ಗೈಡ್ ರೆಡಿಯಾಗ್ಬೇಕು."

"ಸಾರ್, ನಮ್ಮಲ್ಲಿರೋದು ಒಂಬತ್ತು ಡಿಪಾರ್ಟ್‌ಮೆಂಟು."

"ಹದಿನೈದು ಮಾಡಿ. ಫೈಲು ದಪ್ಪ ಕಾಣ್ಬೇಕು."

ಗೈಡ್ ಎಂಬ ವಸ್ತು ಕೆಟ್ಟದ್ದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. 1970ರ ಸುಮಾರಿಗೆ ಅಮೆರಿಕದ ಎಂಐಟಿಯ ಗ್ರಂಥಾಲಯದವರು ‘ಪಾಥ್‌ಫೈಂಡರ್’ ಎಂದು ಒಂದು ಹಾಳೆ ಕೊಡಲು ಶುರು ಮಾಡಿದ್ದರು. ಈ ವಿಷಯಕ್ಕೆ ಮೊದಲು ಯಾವ ಪುಸ್ತಕ ನೋಡು, ಯಾವ ಬೀರು ತೆಗೆ, ಯಾವ ಪದ ಇಟ್ಟು ಹುಡುಕು ಎಂದಷ್ಟೇ ಅದರಲ್ಲಿರುತ್ತಿತ್ತು. 2007ರಲ್ಲಿ ಸ್ಪ್ರಿಂಗ್‌ಶೇರ್ ಎಂಬ ಕಂಪನಿ ಆ ಹಾಳೆಯನ್ನೇ ಲಿಬ್‌ಗೈಡ್ಸ್ ಎಂಬ ತಂತ್ರಾಂಶವಾಗಿಸಿ ಅಂತರ್ಜಾಲಕ್ಕೆ ಏರಿಸಿತು. ಲೋಕದ ಸಾವಿರಾರು ಗ್ರಂಥಾಲಯಗಳಲ್ಲಿ ಈಗ ಅದೇ. ಬಾಡಿಗೆ ಮಾತ್ರ ಡಾಲರಿನಲ್ಲಿ. ನಮ್ಮ ಕಾಲೇಜಿನ ಅನುದಾನ ಬರುವುದು ಮಾರ್ಚ್ ಕೊನೆಯ ವಾರ, ಅದೂ ಬೆಂಚಿಗೆ ಎಂದು ಬರೆದುಕೊಂಡೇ ಬರುತ್ತದೆ. ಹಾಗಾಗಿ ಬಿಟ್ಟಿ ಸಿಗುವ ಗೂಗಲ್ ಸೈಟ್ಸಿನಲ್ಲಿ ಮಾಡುವುದೆಂದು ತೀರ್ಮಾನವಾಯಿತು. ಮಾಡುವುದು ಎಂದರೆ ನಕಲು ಮಾಡುವುದು.

ಅಮೆರಿಕದ ಯಾವುದೋ ವಿಶ್ವವಿದ್ಯಾಲಯದ ಗೈಡನ್ನು ಬೆಂಗಳೂರಿನ ಕಾಲೇಜೊಂದು ಇಳಿಸಿಕೊಂಡಿತ್ತು. ಅದನ್ನು ಹಾಸನದ ಕಡೆಯವರು ಇಳಿಸಿಕೊಂಡಿದ್ದರು. ಅವರಿಂದ ಇವರು. ಪ್ರತಿ ಮಜಲಿನಲ್ಲೂ ಕಾಲೇಜಿನ ಹೆಸರು ಬದಲಾಗಿದೆ, ಉಳಿದದ್ದು ಹಾಗೇ ಇದೆ. ಹೀಗಾಗಿ ಹೇಮಾವತಿ ಹರಿಯುವ ಈ ಸೀಮೆಯ ಗೈಡಿನ ಮೊದಲ ಪುಟದಲ್ಲೇ ‘ಹಿಮ ಬಿದ್ದ ದಿನ ಗ್ರಂಥಾಲಯ ಮುಚ್ಚಿರುತ್ತದೆ’ ಎಂಬ ಸೂಚನೆ. ನಮ್ಮ ಕಡೆ ಹಿಮ ಬಿದ್ದದ್ದು ಯಾರಿಗೂ ನೆನಪಿಲ್ಲ, ಗ್ರಂಥಾಲಯ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ‘ಗ್ರಂಥಪಾಲಕರನ್ನು ಕೇಳಿ, 24 ಗಂಟೆ’ ಎಂಬ ಗುಂಡಿಯೂ ಇದೆ. ಒತ್ತಿದರೆ ಒಂದು ಚೌಕ ತೆರೆದು, ನಮ್ಮ ಸಿಬ್ಬಂದಿ ಸದ್ಯಕ್ಕೆ ಲಭ್ಯವಿಲ್ಲ ಎನ್ನುತ್ತದೆ. ಇಡೀ ಗೈಡಿನಲ್ಲಿ ಸುಳ್ಳಾಡದ ಸಾಲು ಅದೊಂದೇ.

‘ಸಂಯೋಜಿತ ವಿಶ್ವವಿದ್ಯಾಲಯ’ ಎಂಬ ಜಾಗ ಮಾತ್ರ ಖಾಲಿ ಬಿಟ್ಟಿದ್ದಾರೆ. ಅದು ಸೋಮಾರಿತನವಲ್ಲ, ದೂರದೃಷ್ಟಿ. ಹೇಮಗಂಗೋತ್ರಿಯಲ್ಲಿ ಹಾಸನ ವಿಶ್ವವಿದ್ಯಾಲಯ ಶುರುವಾದದ್ದು 2023ರಲ್ಲಿ. 2025ರ ಹೊತ್ತಿಗೆ ಸಚಿವ ಸಂಪುಟದ ಉಪಸಮಿತಿ ಅದನ್ನು ಮುಚ್ಚುವ ಮಾತಾಡಿತು. ಪೆನ್ಸಿಲಿನಲ್ಲಿ ಬರೆಯುವ ಸೌಲಭ್ಯ ಗೂಗಲ್ ಸೈಟ್ಸಿನಲ್ಲಿಲ್ಲ.

ಇನ್ನು ಲಿಂಕುಗಳು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ 2010ರಲ್ಲಿ ಆರಂಭಿಸಿದ ಎನ್-ಲಿಸ್ಟ್ ಇದೆ, ವರ್ಷಕ್ಕೆ 5,000 ರೂಪಾಯಿ ಮತ್ತು ಜಿಎಸ್‌ಟಿ ಕಟ್ಟಿದರೆ ಆರು ಸಾವಿರಕ್ಕೂ ಹೆಚ್ಚು ನಿಯತಕಾಲಿಕೆ. ಪಿಎಚ್‌.ಡಿ. ಪ್ರಬಂಧಗಳ ಶೋಧಗಂಗಾ ಇದೆ. ಖರಗ್‌ಪುರ ಐಐಟಿಯ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ಇದೆ. 2025ರ ಜನವರಿಯಿಂದ ‘ಒಂದು ದೇಶ, ಒಂದು ಚಂದಾ’ ಕೂಡ ಬಂದಿದೆ: ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ನಿಯತಕಾಲಿಕೆ, 6,300 ಸರ್ಕಾರಿ ಸಂಸ್ಥೆಗಳಿಗೆ. ದೇಶ ಇಷ್ಟೆಲ್ಲ ಕೊಟ್ಟಿದೆ. ಅದರ ಪಾಸ್‌ವರ್ಡು ಮಾತ್ರ ಕನ್ನಡ ಮೇಡಮ್ಮಿನ ಡೈರಿಯಲ್ಲಿದೆ. ಡೈರಿ ಬೀರುವಿನಲ್ಲಿದೆ. ಬೀರುವಿನ ಬೀಗದ ಕೈ ಅಟೆಂಡರ್ ಸೊಂಟದಲ್ಲಿದೆ. ಅಟೆಂಡರ್ ಬ್ಯಾಂಕಿಗೆ ಚಲನ್ ಕಟ್ಟಲು ಹೋಗಿದ್ದಾನೆ.

ಪಾಸ್‌ವರ್ಡು ಸಿಕ್ಕಿದ ಪುಣ್ಯವಂತರ ಕಥೆ ಬೇರೆ. ಒಬ್ಬ ಹುಡುಗ ತನ್ನ ಜಿಲ್ಲೆಯ ಚರಿತ್ರೆ ಬೇಕೆಂದು ಇಂಗ್ಲಿಷಿನಲ್ಲಿ ಹಾಸನ ಎಂದು ಕುಟ್ಟಿದ. ಮೊರಾಕ್ಕೊದ ರಾಜ ಎರಡನೆಯ ಹಸನ್ ಎದ್ದು ಬಂದ. 1961ರಿಂದ 1999ರವರೆಗೆ ಆಳಿದ ದೊರೆ, ಲೇಖನಗಳಿಗೇನು ಬರವೇ? ಹುಡುಗ ಎರಡು ದಿನ ಓದಿ, ಈತ ಹೊಯ್ಸಳರಿಗೆ ಏನಾಗಬೇಕು ಎಂದು ಮೇಷ್ಟರನ್ನು ಕೇಳಿದನಂತೆ.

ನಮ್ಮದೇ ಪುಸ್ತಕದ ಕಪಾಟಿನಲ್ಲಿ ಹುಡುಕೋಣವೆಂದರೆ ಕ್ಯಾಟಲಾಗಿದೆ, ಅದೂ ಆನ್‌ಲೈನು. ಕನ್ನಡ ಪುಸ್ತಕಗಳನ್ನು ಸೇರಿಸಿದವರು ಮೂರು ತಲೆಮಾರಿನ ಮೂರು ಟೈಪಿಸ್ಟರು. ಮೊದಲನೆಯವರು ಇಂಗ್ಲಿಷ್ ಅಕ್ಷರದಲ್ಲಿ, ಕಿವಿಗೆ ಬಿದ್ದ ಹಾಗೆ ಬರೆದರು. ಎರಡನೆಯವರು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದರು, ಅದು ಈಗಿನ ಪರದೆಯ ಮೇಲೆ ಮಾಟದ ಮಂತ್ರದ ಹಾಗೆ ಕಾಣುತ್ತದೆ. ಮೂರನೆಯವರಿಗೆ ಯೂನಿಕೋಡ್ ಬಂದಿತ್ತು, ಆಮೇಲೆ ಅವರಿಗೆ ಬೇರೆ ಕೆಲಸವೂ ಬಂತು. ಎಸ್. ಎಲ್. ಭೈರಪ್ಪನವರ 1970ರ ‘ಗೃಹಭಂಗ’ ಚನ್ನರಾಯಪಟ್ಟಣ ಸೀಮೆಯ ಬದುಕಿನ ಕಾದಂಬರಿ. ಈ ಕಾಲೇಜಿನಲ್ಲಿ ಅದರ ನಾಲ್ಕು ಪ್ರತಿ ಇವೆ. ಕ್ಯಾಟಲಾಗಿನ ಪ್ರಕಾರ ಅವು ನಾಲ್ಕು ಬೇರೆ ಬೇರೆ ಪುಸ್ತಕ. ಐದನೆಯ ಸ್ಪೆಲಿಂಗಿನಲ್ಲಿ ಹುಡುಕಿದವರಿಗೆ ಒಂದೂ ಇಲ್ಲ.

ಗೈಡಿನ ಕಿರೀಟಪ್ರಾಯ ಪುಟ ‘ಉಲ್ಲೇಖಿಸುವುದು ಹೇಗೆ’. ಎಪಿಎ ಶೈಲಿ. ಕುಟುಂಬದ ಹೆಸರು ಮೊದಲು, ಇನಿಷಿಯಲ್ ಆಮೇಲೆ ಎಂದು ಅಪ್ಪಣೆ. ಭೈರಪ್ಪನವರ ಎಸ್ ಎಂದರೆ ಸಂತೇಶಿವರ ಎಂಬ ಊರು, ಎಲ್ ಎಂದರೆ ತಂದೆ ಲಿಂಗಣ್ಣಯ್ಯ. ಅನಕೃ ಅವರ ಮೊದಲ ಅಕ್ಷರವೇ ಅರಕಲಗೂಡು. ಇವರ ಕುಟುಂಬದ ಹೆಸರು ಎಲ್ಲಿಂದ ತರುವುದು ಎಂದು ಗೈಡ್ ಹೇಳುವುದಿಲ್ಲ. ಗೊರೂರು ರಾಮಸ್ವಾಮಿ ಅಯ್ಯಂಗಾರರಿಗಂತೂ ಊರೇ ಹೆಸರು. ಗೈಡಿನ ನಿಯಮಕ್ಕೆ ಸಿಕ್ಕಿ ಅವರು ‘ಅಯ್ಯಂಗಾರ್, ಜಿ. ಆರ್.’ ಆದರು. ಪಟ್ಟಿ ನೋಡಿದ ಹುಡುಗಿಯೊಬ್ಬಳು ಅದು ಬೇಕರಿ ಪುಸ್ತಕ ಎಂದುಕೊಂಡಳು. ಅವಳನ್ನು ಬೈಯಬೇಡಿ. ಬೆಂಗಳೂರಿನ ಅಯ್ಯಂಗಾರ್ ಬೇಕರಿಗಳ ಬೇರು ಇದೇ ಹಾಸನ ಜಿಲ್ಲೆಯಲ್ಲಿದೆ, ಅವಳ ತರ್ಕ ಗೈಡಿನ ತರ್ಕಕ್ಕಿಂತ ಗಟ್ಟಿ.

ಹಾಗಾದರೆ ಹುಡುಗರು ಪ್ರಾಜೆಕ್ಟ್ ಮುಗಿಸುವುದು ಹೇಗೆ? ಕಾಲೇಜಿನ ಎದುರುಗಡೆ ಒಂದು ಜೆರಾಕ್ಸ್ ಅಂಗಡಿ ಇದೆ.

"ಅಣ್ಣ, ಹಿಸ್ಟರಿ ಪ್ರಾಜೆಕ್ಟು."

"ಯಾವ ಮೇಷ್ಟ್ರವ್ವ?"

ಹೆಸರು ಹೇಳಿದರೆ ಸಾಕು. ಮುಂದಿನದು ಅವನಿಗೆ ಗೊತ್ತು. "ಅವ್ರು ಮುನ್ನುಡಿ ಓದ್ತಾರೆ, ಕೊನೇ ಪುಟ ನೋಡ್ತಾರೆ. ಮಧ್ಯಕ್ಕೆ ಕೈ ಹಾಕಲ್ಲ. ಬೇಲೂರು ಬೇಡ, ಈ ವರ್ಷ ಆಗ್ಲೇ ಹನ್ನೊಂದು ಹೋಗವೆ. ದೊಡ್ಡಗದ್ದವಳ್ಳಿ ತಗೋ, ಫ್ರೆಶ್ಶಾಗದೆ. ಕಲರ್ ಫೋಟೋ ಬೇಕಂದ್ರೆ ಅರವತ್ತು ರೂಪಾಯಿ ಜಾಸ್ತಿ. ಅರ್ಪಣೆ ಪುಟದಲ್ಲಿ ನಿಮ್ಮಪ್ಪ ಅಮ್ಮನ ಹೆಸರು ಬರ್ಕೊಡು, ಹೋದ್ಸಲ ಒಬ್ಳು ಹಳೇ ಹೆಸರಲ್ಲೇ ಕೊಟ್ಬಿಟ್ಳು."

ಈ ಅಂಗಡಿಯಲ್ಲಿ ವಿಷಯವಾರು ಜೋಡಣೆ, ಲಭ್ಯತೆಯ ನಿಖರ ಮಾಹಿತಿ, ಓದುಗರ ಅಗತ್ಯದ ಆಳವಾದ ತಿಳಿವಳಿಕೆ, ಮಧ್ಯಾಹ್ನದ ಊಟದ ಹೊತ್ತಲ್ಲೂ ತೆರೆದ ಬಾಗಿಲು. ಗ್ರಂಥಾಲಯ ವಿಜ್ಞಾನಿ ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸಬೇಕು ಎನ್ನುತ್ತದೆ. 1962ರಲ್ಲಿ ಬೆಂಗಳೂರಿನಲ್ಲಿ ಡಿಆರ್‌ಟಿಸಿ ಎಂಬ ತರಬೇತಿ ಕೇಂದ್ರ ಕಟ್ಟಿ ಅವರು ಒಂದು ಪೀಳಿಗೆಯನ್ನೇ ಇದಕ್ಕೆ ತಯಾರು ಮಾಡಿದರು. ಆ ಸೂತ್ರವನ್ನು ಈ ನಾಲ್ಕು ಊರಿನಲ್ಲಿ ಚಾಚೂ ತಪ್ಪದೆ ಪಾಲಿಸುತ್ತಿರುವವನು ಸ್ಪೈರಲ್ ಬೈಂಡಿಂಗ್ ಮಾಡುವ ಈ ಅಣ್ಣ. ಓದುಗರು ಓದುವ ಸಮಯವನ್ನೂ ಉಳಿಸಿಕೊಡುತ್ತಾನೆ.

ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಏಕೆಂದರೆ ನಿಜವಾದ ಗೈಡಿಗೆ ಬೇಕಾದದ್ದು ಒಂದೇ ಒಂದು ಪುಟ. ಹೊಳೆನರಸೀಪುರದ ಕಡೆಯ ಹಳ್ಳಿಯ ಹುಡುಗಿ ತನ್ನೂರ ಕೆರೆ ಏರಿಯ ವೀರಗಲ್ಲಿನ ಬಗ್ಗೆ ಬರೆಯಬೇಕು ಎನ್ನಿ. ಯಾರಾದರೂ ತಿಳಿದವರು ಅವಳಿಗೆ ಹೀಗೆ ಹೇಳಬಹುದಿತ್ತು: ಬಿ. ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವಾಗಿ ತಂದಿದ್ದಾನೆ. ಕನ್ನಡ ಪಾಠವೂ ಇದೆ, ಇಂಗ್ಲಿಷ್ ಅನುವಾದವೂ ಇದೆ, ತಾಲ್ಲೂಕುವಾರು ಜೋಡಿಸಿದ್ದಾನೆ. ಇಂಟರ್ನೆಟ್ ಆರ್ಕೈವಿನಲ್ಲಿ ಬಿಟ್ಟಿ ಸಿಗುತ್ತದೆ, ಪಾಸ್‌ವರ್ಡ್ ಬೇಡ. ಆದರೆ ಹುಡುಕುವಾಗ ಎಚ್ಚರ, ಅವನ ಸ್ಪೆಲಿಂಗಿನಲ್ಲಿ ನಿನ್ನ ತಾಲ್ಲೂಕು ‘ಹೊಳೆ-ನರ್ಸಿಪುರ್’. ನಿನ್ನ ಗೆಳತಿ ಸಕಲೇಶಪುರದವಳಾದರೆ ಮಂಜರಾಬಾದ್ ತಾಲ್ಲೂಕಿನಡಿ ನೋಡಲಿ. ಚನ್ನರಾಯಪಟ್ಟಣದವಳಾದರೆ ಶ್ರವಣಬೆಳಗೊಳವನ್ನು ಈ ಸಂಪುಟದಲ್ಲಿ ಹುಡುಕಿ ಕಂಗಾಲಾಗುವುದು ಬೇಡ, ಅದು ಎರಡನೆಯ ಸಂಪುಟ. 1889ರಲ್ಲಿ ಬಂದದ್ದನ್ನು ಆರ್. ನರಸಿಂಹಾಚಾರ್ ಪರಿಷ್ಕರಿಸಿ 1923ರಲ್ಲಿ ದೊಡ್ಡದು ಮಾಡಿದ್ದಾರೆ, ಅದನ್ನೇ ನೋಡಲಿ. ಹಲ್ಮಿಡಿ ಶಾಸನ ರೈಸನ ಸಂಪುಟದಲ್ಲಿ ಇರುವುದಿಲ್ಲ, ಎಂ. ಎಚ್. ಕೃಷ್ಣ ಅವರ ಕಣ್ಣಿಗೆ ಅದು ಬಿದ್ದದ್ದೇ 1936ರಲ್ಲಿ. ಊರಿನ ಬೆಳೆ, ಜನ, ಸಂತೆ ಬೇಕಿದ್ದರೆ 1971ರ ಹಾಸನ ಜಿಲ್ಲಾ ಗ್ಯಾಸೆಟಿಯರ್ ತೆಗೆ. ಇಷ್ಟನ್ನು ನೋಡಿಕೊಂಡು ವಾಪಸ್ ಹೋಗಿ ಕಲ್ಲನ್ನು ನೋಡು, ಆಮೇಲೆ ಬರೆ.

ಇಷ್ಟೇ. ಇದಕ್ಕೆ ಡಾಲರ್ ಬೇಡ, ಹದಿನೈದು ಡಿಪಾರ್ಟ್‌ಮೆಂಟ್ ಬೇಡ. ಈ ಪುಟ ಬರೆಯಬಲ್ಲ ಒಬ್ಬ ಗ್ರಂಥಪಾಲಕ ಬೇಕು, ಹುದ್ದೆ ಖಾಲಿ. ಹೊಸ ಗ್ರಂಥಪಾಲಕರನ್ನು ಕೊಡಿ ಎಂದು ಬರೆದ ಅರ್ಜಿ ಯಾವ ಟೇಬಲ್ಲಿನ ಮೇಲಿದೆ ಎಂದು ಹೇಳುವ ಗೈಡ್ ಬಂದರೆ ನಾನೇ ಚಂದಾ ಕಟ್ಟುತ್ತೇನೆ.

ಅಂದಹಾಗೆ, ಐದನೆಯ ಸಂಪುಟ ಆ ಕಾಲೇಜಿನಲ್ಲೂ ಇದೆ. ‘ಅಪರೂಪದ ಗ್ರಂಥಗಳು’ ಎಂದು ಬರೆದ ಗಾಜಿನ ಬೀರುವಿನಲ್ಲಿ, ಡೈರಿಯ ಪಕ್ಕ. ಅಪರೂಪ ಅಂದಮೇಲೆ ತೆಗೆಯಬಾರದು ಎಂಬುದು ಪ್ರಿನ್ಸಿಪಾಲರ ನಿಲುವು. ಅದು ಅಲ್ಲಿದೆ ಎಂದು ಸರಿಯಾಗಿ ತಿಳಿದಿರುವವನು ಅಟೆಂಡರ್ ಒಬ್ಬನೇ. ಅವನನ್ನು ಗೈಡ್ ಸಮಿತಿಗೆ ಸೇರಿಸಿಕೊಳ್ಳಲಿಲ್ಲ, ಅವನಿಗೆ ಇ-ಮೇಲ್ ಇಲ್ಲ.

ಕಡೆಗೂ ನ್ಯಾಕ್ ತಂಡ ಬಂತು. ಅದಕ್ಕೆ ಮುಂಚಿನ ವಾರ ಪ್ರತಿ ತರಗತಿಯವರನ್ನೂ ಸಾಲಾಗಿ ಕಂಪ್ಯೂಟರಿನ ಮುಂದೆ ಕೂರಿಸಿ ಹತ್ತತ್ತು ಸಲ ಗೈಡ್ ತೆರೆಸಿದ್ದರು. ಗ್ರಂಥಾಲಯವನ್ನು ದಿನಕ್ಕೆ ಎಷ್ಟು ಮಂದಿ ಬಳಸುತ್ತಾರೆ, ಆನ್‌ಲೈನ್ ಲಾಗಿನ್ ಎಷ್ಟು ಎಂದು ನ್ಯಾಕ್ ನಮೂನೆಯಲ್ಲಿ ಕಲಂ ಇದೆಯಲ್ಲ. ಬಿ.ಎ. ಹುಡುಗಿಯೊಬ್ಬಳನ್ನು ತಂಡದ ಹಿರಿಯರು ಕೇಳಿದರು.

"ಈ ಗೈಡ್ ಯೂಸ್ ಮಾಡಿದ್ದೀಯೇನಮ್ಮ?"

"ಮಾಡಿದೀನಿ ಸಾರ್. ಹತ್ತು ಸಲ."

"ಏನು ಸಿಕ್ಕಿತು?"

"ಅಟೆಂಡೆನ್ಸ್ ಸಾರ್."

ಪ್ರಿನ್ಸಿಪಾಲರು ಜೋರಾಗಿ ನಕ್ಕು, ಎಳನೀರು ತರಿಸಿದರು. ಹಿರಿಯರು ಗೈಡನ್ನು ಪರದೆಯ ಮೇಲೆ ನೋಡಬೇಕೆಂದರು, ಅಷ್ಟರಲ್ಲಿ ಕರೆಂಟು ಹೋಯಿತು. ಪರವಾಗಿಲ್ಲ, ಒಂದು ಪ್ರಿಂಟ್ ಕೊಡಿ, ನಿಮ್ಮದು ಉತ್ತಮ ಆಚರಣೆ ಎಂದು ದಾಖಲಿಸಿಕೊಳ್ಳುತ್ತೇವೆ ಎಂದರು. ಅಟೆಂಡರ್ ಪೆನ್‌ಡ್ರೈವ್ ಹಿಡಿದು ಎದುರಿನ ಅಂಗಡಿಗೆ ಓಡಿದ. ಇನ್ವರ್ಟರ್ ಇರುವುದು ಅಲ್ಲಿ ಮಾತ್ರ.

ಅಂಗಡಿಯ ಅಣ್ಣ ಎರಡು ಪ್ರತಿ ತೆಗೆದ. ಒಂದಕ್ಕೆ ಸ್ಪೈರಲ್ ಹಾಕಿ ಅಟೆಂಡರ್ ಕೈಗೆ ಕೊಟ್ಟ. ಇನ್ನೊಂದನ್ನು ದೊಡ್ಡಗದ್ದವಳ್ಳಿಯ ಕೆಳಗಿನ ಗೂಡಿಗೆ ತುರುಕಿದ.

"ಅದ್ಯಾಕಣ್ಣ?" ಎಂದ ಅಟೆಂಡರ್.

"ಬರೋ ತಿಂಗ್ಳು ಪಕ್ಕದ ತಾಲ್ಲೂಕಿನ ಕಾಲೇಜ್‌ಗೆ ನ್ಯಾಕ್ ಅಂತೆ. ಹೆಸರು ಬದ್ಲಾಯ್ಸಿದ್ರೆ ಇನ್ನೂರು, ಹಂಗೇ ಕೊಟ್ರೆ ನೂರೈವತ್ತು."