ಪುಸ್ತಕ ಹೊದ್ದರ ಥಂಡಿ ಹೋಗತೈತೇನು?

ಕೌದಿ ಹೊಲಿಯಲು ಬಾರದವರಿಗೆ ಉಳಿಯುವುದು ಒಂದೇ ದಾರಿ, ಕೌದಿಯ ಬಗ್ಗೆ ಪುಸ್ತಕ ಕೊಳ್ಳುವುದು. ನಾನು ಆ ದಾರಿಯಲ್ಲಿ ಬಹಳ ದೂರ ಬಂದವನು. ಸೂಜಿಗೆ ದಾರ ಪೋಣಿಸಲು ಇವತ್ತಿಗೂ ಮನೆಯವರನ್ನೇ ಕೂಗಬೇಕು. ಆದರೆ ಅಮೆರಿಕದ ಹೆಣ್ಣುಮಕ್ಕಳು ತಮ್ಮ ಕೌದಿಯ, ಅಂದರೆ ಕ್ವಿಲ್ಟಿನ, ಯಾವ ಚೌಕಕ್ಕೆ ಏನು ಹೆಸರಿಟ್ಟಿದ್ದಾರೆ ಅಂತ ಕೇಳಿ, ಕಪಾಟಿನಿಂದ ಪುಸ್ತಕ ತೆಗೆದು ತೋರಿಸಿಯೇ ನಿಮ್ಮನ್ನು ಬಿಡುತ್ತೇನೆ. ಚಹಾ ಆರಿದರೂ ಬಿಡುವುದಿಲ್ಲ.

ಹಾನಗಲ್ಲಿನ ನಮ್ಮ ದೊಡ್ಡವ್ವ ಮಾತ್ರ ಈ ಕಪಾಟಿಗೆ ಮರ್ಯಾದೆ ಕೊಟ್ಟವಳಲ್ಲ. ಮನೆತನದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಅವಳದೇ ಕೌದಿ. ಮೊದಲ ಸಲ ನನ್ನ ಪುಸ್ತಕಗಳನ್ನು ನೋಡಿದಾಗ ಒಂದನ್ನು ಎತ್ತಿ, ತೂಕ ನೋಡಿ, ಕೇಳಿದಳು: “ಅಲ್ಲೋ ತಮ್ಮಾ, ಇದನ್ನ ಹೊದ್ದರ ಥಂಡಿ ಹೋಗತೈತೇನು?” ಬೆಲೆ ಎಷ್ಟು ಅಂತಲೂ ಕೇಳಿದಳು. ಅದನ್ನು ನಾನು ನನ್ನ ಹೆಂಡತಿಗೂ ಹೇಳಿಲ್ಲ.

ಅವಳು ತೂಕ ನೋಡಿದ್ದು ಬಾರ್ಬರಾ ಬ್ರಾಕ್‌ಮನ್ ಬರೆದ ತುಂಡು ಜೋಡಣೆಯ ಮಾದರಿಗಳ ವಿಶ್ವಕೋಶ. 1993ರಲ್ಲಿ ಬಂದದ್ದು, 4,000ಕ್ಕೂ ಹೆಚ್ಚು ಮಾದರಿಗಳಿವೆ, ಪ್ರತಿಯೊಂದಕ್ಕೂ ನಂಬರು, ಹೆಸರು, ಯಾವ ಪತ್ರಿಕೆಯಲ್ಲಿ ಮೊದಲು ಕಂಡಿತು ಎಂಬ ಕುಲಗೋತ್ರ. ಕ್ವಿಲ್ಟ್ ಹೊಲಿಯುವವರ ಮನೆಯಲ್ಲಿ ಇದು ಪಂಚಾಂಗ ಇದ್ದ ಹಾಗೆ. ನಾನು ಬಹಳ ಹುರುಪಿನಿಂದ ‘ಲಾಗ್ ಕ್ಯಾಬಿನ್’ ಎಂಬ ಮಾದರಿಯ ಪುಟ ತೆಗೆದು ತೋರಿಸಿದೆ. ನಡುವೆ ಒಂದು ಪುಟ್ಟ ಚೌಕ, ಅದರ ಸುತ್ತ ಪಟ್ಟಿ, ಪಟ್ಟಿಯ ಸುತ್ತ ಮತ್ತೆ ಪಟ್ಟಿ. ದೊಡ್ಡವ್ವ ಕನ್ನಡಕ ಏರಿಸಿ ನೋಡಿದಳು. “ಇವರು ನಡುವಿಂದ ಹೊರಗ ಬರ್ತಾರ. ನಾವು ಹೊರಗಿಂದ ಒಳಗ ಹೋಗ್ತೀವಿ” ಅಂದಳು.

ಇಷ್ಟು ಕಡಿಮೆ ಮಾತಿನಲ್ಲಿ ಎರಡು ಖಂಡಗಳ ಹೊಲಿಗೆಯ ವ್ಯತ್ಯಾಸ ಹೇಳಿದ ಪುಸ್ತಕ ನನ್ನ ಹತ್ತಿರ ಇಲ್ಲ. ಅಲ್ಲಿ ಮೊದಲು ತುಂಡುಗಳನ್ನು ಕೂಡಿಸಿ ಮೇಲ್ಹಾಸು ಮಾಡಿಕೊಳ್ಳುತ್ತಾರೆ, ಕೆಳಗೆ ಹತ್ತಿಯ ಪದರ ಇಡುತ್ತಾರೆ, ಆಮೇಲೆ ಎಲ್ಲ ಸೇರಿಸಿ ಹೊಲಿಯುತ್ತಾರೆ. ನಮ್ಮಲ್ಲಿ ಹಳೇ ಸೀರೆ, ಧೋತರಗಳ ಪದರ ಹಾಸಿ, ಅಂಚಿನಿಂದ ಶುರು ಮಾಡಿ, ತುಂಡಿನ ಅಂಚನ್ನು ಹೆಬ್ಬೆರಳಲ್ಲಿ ಒಳಗೆ ಮಡಚುತ್ತ, ಎಲ್ಲ ಪದರಕ್ಕೂ ಒಮ್ಮೆಗೇ ದಾರ ಓಡಿಸುತ್ತ ಸುತ್ತು ಹಾಕಿ ನಡುವಿಗೆ ಬರುತ್ತಾರೆ. ಅದಕ್ಕೆ ದೊಡ್ಡವ್ವ ಕೊಡುವ ಕಾರಣವೂ ಚೆನ್ನಾಗಿದೆ. ನಾಕು ಮಂದಿ ನಾಕು ಕಡೆ ಕುಂತು ಶುರು ಮಾಡಬಹುದು. ನಡುವಿಗೆ ಬಂದು ಸೇರುವ ಹೊತ್ತಿಗೆ ಊರ ಸುದ್ದಿ ಎಲ್ಲ ಮುಗಿದಿರುತ್ತದೆ. ಕೊನೆಯ ಕಿಂಡಿ ಮುಚ್ಚುವ ಮುಂಚೆ ಅವಳು ಒಂದು ಚೂರು ರೊಟ್ಟಿ ಒಳಗಿಡುತ್ತಾಳೆ. ಕೌದಿಯ ಹೊಟ್ಟೆ ತುಂಬಬೇಕಂತೆ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಅಂತ ನಾನೇ ಒಂದು ಮಾತು ಸೇರಿಸಿ ಊರಲ್ಲಿ ಹಬ್ಬಿಸಿದ್ದೇನೆ. ಮುಂದೆ ಯಾರಾದರೂ ಸಂಶೋಧಕರು ಬರೆದುಕೊಂಡು ಹೋಗಲಿ.

ಇನ್ನು ‘ಹೇಗೆ ಹೊಲಿಯಬೇಕು’ ಎಂದು ಕಲಿಸುವ ಪುಸ್ತಕಗಳಿವೆಯಲ್ಲ, ಅವನ್ನು ನಮ್ಮ ಮನೆಯಲ್ಲಿ ಹಾಸ್ಯಸಾಹಿತ್ಯ ಎಂದು ಓದುತ್ತೇವೆ. ಮೊದಲ ಪುಟದಲ್ಲೇ ‘ಹೊಸ ಬಟ್ಟೆ ಕೊಂಡು ತನ್ನಿ, ತೊಳೆದು ಇಸ್ತ್ರಿ ಮಾಡಿ’ ಅಂತ ಇರುತ್ತದೆ. ಎರಡನೆಯ ಪುಟದಲ್ಲಿ ಆ ಹೊಸ ಬಟ್ಟೆಯನ್ನು ಕತ್ತರಿಸಲು ಹೇಳುತ್ತಾರೆ. 1979ರಲ್ಲಿ ಜಪಾನಿನ ಓಲ್ಫಾ ಕಂಪನಿ ಗಾಲಿಯಂತೆ ತಿರುಗುವ ಕತ್ತಿಯೊಂದನ್ನು ತಂದಿತು. ಅಂದಿನಿಂದ ಕ್ವಿಲ್ಟಿನವರು ಕತ್ತರಿ ಬಿಟ್ಟು ಅದನ್ನೇ ಉರುಳಿಸುತ್ತಾರೆ. ಹೊಲಿಗೆಗೆ ಅಂಚು ಕಾಲು ಇಂಚೇ ಬಿಡಬೇಕು, ಒಂದು ಕೂದಲೆಳೆ ಆಚೀಚೆ ಆಗಬಾರದು. ಇದನ್ನೆಲ್ಲ ಸವಣೂರಿನ ನಮ್ಮ ಬೀಗತಿಯವರಿಗೆ ಓದಿ ಹೇಳಿದೆ. ಅವರು ಸವಣೂರು ಖಾರ ಮೆಲ್ಲುತ್ತ ಕೇಳಿದರು, ಪುಟದ ಮೇಲೆ ಎಣ್ಣೆಯ ಬೆರಳು ಇಟ್ಟರು, ಆಮೇಲೆ ಹೇಳಿದರು: “ಹೊಸಾ ಅರಿವಿ ಕತ್ತರಿಸಿ ಕೌದಿ ಹೊಲೀತಾರಂದ್ರ, ಅವರ ಮನ್ಯಾಗ ಅತ್ತಿ ಇಲ್ಲ ಅಂತ ಆತು.” ಆ ಎಣ್ಣೆ ಕಲೆ ಇನ್ನೂ ಇದೆ. ಆ ಪುಸ್ತಕದಲ್ಲಿ ಉಪಯೋಗಕ್ಕೆ ಬರುವ ಟಿಪ್ಪಣಿ ಅದೊಂದೇ.

ಹಾಗಾದರೆ ಯಾವುದು ಇಟ್ಟುಕೊಳ್ಳುವಂಥದ್ದು? ಪ್ಯಾಟ್ರಿಕ್ ಫಿನ್ ಅವರ ‘ಕ್ವಿಲ್ಟ್ಸ್ ಆಫ್ ಇಂಡಿಯಾ’ 2014ರಲ್ಲಿ ಬಂತು. ದೇಶದ ನಾನಾ ಕಡೆಯ ಹೊದಿಕೆಗಳು ಒಂದೆಡೆ ಸಿಗುತ್ತವೆ. ಅತಿಥಿ ಬಂದಾಗ ಮೇಜಿನ ಮೇಲಿಡಲು ಬಹಳ ಯೋಗ್ಯ. ಗೀತಾ ಖಂಡೇಲ್‌ವಾಲ್ ಅವರದು ಮಹಾರಾಷ್ಟ್ರದ ಗೋಧಡಿಗಳ ಮೇಲಿನ ಪುಸ್ತಕ. ನಮ್ಮ ಕೌದಿಗೆ ಅದು ಚಿಕ್ಕಪ್ಪನ ಮಗಳು, ಮುಖಚಹರೆ ಒಂದೇ. ಆದರೆ ಹಾನಗಲ್ಲು, ಶಿಗ್ಗಾವಿಯವರು ಮೊದಲು ನೋಡಬೇಕಾದ್ದು ಹೆನ್ರಿ ಡ್ರೂವಲ್ ಅವರ ‘ಸೋಲ್‌ಫುಲ್ ಸ್ಟಿಚಿಂಗ್’. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಈ ಕಲಾ ಇತಿಹಾಸಕಾರ ಬಂದದ್ದು ನಮ್ಮ ಮಗ್ಗುಲಿಗೇ, ಮುಂಡಗೋಡ, ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳ ಕೌದಿ ನೋಡಲು. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ತುಂಡು ಹಚ್ಚುತ್ತಾರೆ, ಅದಕ್ಕೆ ಹೂವು ಅನ್ನುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಇದ್ದಂತೆ. 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮಿನ ಷೋಂಬರ್ಗ್ ಕೇಂದ್ರದ ಗೋಡೆ ಏರಿದವು. ಹಾನಗಲ್ಲಿನಿಂದ ಮುಂಡಗೋಡಿಗೆ ಬಸ್ಸು ಹತ್ತಿದರೆ ಕಾಣುವುದನ್ನು ನಾನು ನೋಡಿದ್ದು ಅಮೆರಿಕದಿಂದ ಬಂದ ಪುಸ್ತಕದಲ್ಲಿ! ಓದುವವರ ಹಣೆಬರಹವೇ ಇಷ್ಟು.

ದೊಡ್ಡವ್ವನಿಗೆ ಹಿಡಿಸಿದ ಪುಸ್ತಕ ಇನ್ನೊಂದು. ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಹೆಣ್ಣುಮಕ್ಕಳ ಕ್ವಿಲ್ಟುಗಳದು, 2002ರಲ್ಲಿ ಹ್ಯೂಸ್ಟನ್‌ನಲ್ಲಿ ಅವುಗಳ ಪ್ರದರ್ಶನ ಆದಾಗಿನದು. ಹೊಲದಲ್ಲಿ ದುಡಿದು ಸವೆದ ಪ್ಯಾಂಟು, ಅಂಗಿಗಳಿಂದಲೇ ಹೊಲಿದ ಹೊದಿಕೆಗಳು. ಒಂದು ಚಿತ್ರದಲ್ಲಿ ಬಿಸಿಲಿಗೆ ಬೆಳ್ಳಗಾದ ನೀಲಿ ಬಟ್ಟೆಯ ನಡುವೆ ಅಂಗೈಯಗಲದ ಕಡುನೀಲಿ ಚೌಕ. ನಾನು ಅದನ್ನು ‘ವರ್ಣವೈರುಧ್ಯ’ ಅಂತ ಮೆಚ್ಚಿಕೊಂಡಿದ್ದೆ. ದೊಡ್ಡವ್ವ ಅದರ ಮೇಲೆ ಬೆರಳಿಟ್ಟು, “ಇಲ್ಲಿ ಕಿಸೆ ಇತ್ತು. ಬಿಚ್ಚ್ಯಾರ” ಅಂದಳು. ಅವತ್ತು ಆ ಪುಸ್ತಕವನ್ನು ಇಡಿಯಾಗಿ ನೋಡಿದಳು, ಒಂದೊಂದು ಪುಟಕ್ಕೂ ಬೆರಳಿಗೆ ಉಗುಳು ಹಚ್ಚಿಕೊಂಡು. “ಇವರು ನಮ್ಮಂಥಾ ಮಂದಿ” ಅಂತ ಸರ್ಟಿಫಿಕೇಟು ಕೊಟ್ಟಳು. ಇಷ್ಟು ಚಿಕ್ಕ ವಿಮರ್ಶೆ ನಮ್ಮ ಸಾಹಿತ್ಯ ಪತ್ರಿಕೆಗಳಿಗೆ ಒಗ್ಗುವುದಿಲ್ಲ.

ನನ್ನ ಆಯ್ಕೆ ಬೇರೆ. ಅದೇ ಬ್ರಾಕ್‌ಮನ್ 1989ರಲ್ಲಿ ಬರೆದ ‘ಕ್ಲೂಸ್ ಇನ್ ದ ಕ್ಯಾಲಿಕೊ’. ಹಳೇ ಕ್ವಿಲ್ಟಿನ ವಯಸ್ಸನ್ನು ಬಟ್ಟೆ ನೋಡಿ ಹೇಗೆ ಹೇಳಬೇಕು ಅನ್ನುವುದು ಇದರ ವಿಷಯ. ಬಣ್ಣ, ನೂಲು, ಅಚ್ಚು, ಹೊಲಿಗೆ, ಎಲ್ಲದರಲ್ಲೂ ಸಾಕ್ಷಿ ಇರುತ್ತದೆ. 1856ರಲ್ಲಿ ಪರ್ಕಿನ್ ಎಂಬ ಹುಡುಗ ರಾಸಾಯನಿಕ ನೇರಳೆ ಬಣ್ಣ ಕಂಡುಹಿಡಿದ, ಹಾಗಾಗಿ ಆ ಬಣ್ಣದ ತುಂಡು ಇರುವ ಹೊದಿಕೆ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ. ಪೊಲೀಸರ ಪಂಚನಾಮೆಯ ತರ್ಕ ಇದು. ಒಮ್ಮೆ ತಲೆಗೆ ಹತ್ತಿತೆಂದರೆ ಯಾರ ಮನೆಗೆ ಹೋದರೂ ಹಾಸಿಗೆಯ ಮೇಲೇ ಕಣ್ಣು. ಹಿರೇಕೆರೂರಿನ ಗೆಳೆಯನ ಮನೆಯಲ್ಲಿ ಇದಕ್ಕಾಗಿ ನನ್ನನ್ನು ಪಡಸಾಲೆಯಲ್ಲೇ ಕೂರಿಸುತ್ತಾರೆ.

ಈ ತರ್ಕದ ಪರೀಕ್ಷೆಗೆ ತಕ್ಕ ದಿನವೆಂದರೆ ಮಹಾನವಮಿಯ ಮುಂಚಿನ ಹಾಸಿಗೆ ಒಗೆಯುವ ದಿನ. ವರದಾ ನದಿಯ ದಂಡೆಗೆ ಊರಿಗೆ ಊರೇ ಕೌದಿ ಹೊತ್ತು ಬರುತ್ತದೆ. ನೀರು ಕುಡಿದ ಕೌದಿಯನ್ನು ಇಬ್ಬರು ಹಿಡಿದು ಹಿಂಡಬೇಕು. ಹಿಂಡಿ ಬಂಡೆಯ ಮೇಲೆ, ಗಿಡಗಂಟಿಯ ಮೇಲೆ ಹರವುತ್ತಾರೆ. ಆಗ ಹಿಂಬದಿಯೂ ಕಾಣುತ್ತದೆ. ಇಳಕಲ್ಲಿನ ಸೆರಗಿನ ಕೆಂಪು, ಗುಳೇದಗುಡ್ಡದ ಖಣದ ಚೂರು, ಅಜ್ಜನ ಧೋತರದ ದಡಿ ಇದ್ದರೆ ಅದು ಹಿರಿಯ ಕೌದಿ, ಮುಟ್ಟಿದರೆ ಮೆತ್ತಗೆ. ಟೆರಿಲಿನ್ ಅಂಗಿ ಕಂಡಿತೋ, ಕಾಲ ಈಚೆಗೆ ಬಂತು. ಅದನ್ನು ವಿನ್‌ಫೀಲ್ಡ್ ಮತ್ತು ಡಿಕ್ಸನ್ ಬ್ರಿಟನ್ನಿನಲ್ಲಿ ಕಂಡುಹಿಡಿದದ್ದೇ 1941ರಲ್ಲಿ, ನಮ್ಮ ಸಂತೆಗೆ ಬರಲು ಮತ್ತಷ್ಟು ವರ್ಷ ಬೇಕಾಯಿತು. ಶಾಲೆಯ ಖಾಕಿ ಚಡ್ಡಿ, ನೈಲೆಕ್ಸ್ ಸೀರೆ, ಆಮೇಲೆ ಚೂಡಿದಾರ, ಕೊನೆಗೆ ನೈಟಿ. ನೈಟಿ ಬಂದ ಮೇಲೆ ಕೌದಿಯ ಬಣ್ಣವೇ ಬದಲಾಯಿತು, ಎಲ್ಲ ಕಡೆ ದೊಡ್ಡ ದೊಡ್ಡ ಹೂವು. ಪಾಲಿಯೆಸ್ಟರಿಗೆ ಸೂಜಿ ಇಳಿಯುವುದಿಲ್ಲ, ಬೆವರು ಹೀರುವುದಿಲ್ಲ, ಎಷ್ಟು ಒಗೆದರೂ ಮೆತ್ತಗಾಗುವುದಿಲ್ಲ. ಹತ್ತಿ ಬೆಳೆಯುವ ಸೀಮೆಯವರು ಪಾಲಿಯೆಸ್ಟರು ಹೊದ್ದು ಮಲಗುತ್ತೇವೆ, ಹತ್ತಿ ಲಾರಿ ಹತ್ತಿ ಹೋಗುತ್ತದೆ.

ನಾನು ಒಂದು ಕೌದಿ ಹಿಡಿದು, ಹೀಗೆಲ್ಲ ಲೆಕ್ಕ ಹಾಕಿ, “ಇದು ಎಪ್ಪತ್ತರ ದಶಕದ್ದು” ಅಂತ ಘೋಷಿಸಿದೆ. ದೊಡ್ಡವ್ವ ಒಪ್ಪಿದಳು. ಒಪ್ಪಿ, ಅದು ಯಾರ ಬಾಣಂತನಕ್ಕೆ ಹೊಲಿದದ್ದು, ಹಳದಿ ತುಂಡು ಯಾರ ಸೀರೆಯದು, ಆ ಸೀರೆ ಕೊಡಲು ಅವಳು ಎಷ್ಟು ದಿನ ಅತ್ತಳು, ಯಾವ ಸುತ್ತಿನಲ್ಲಿ ಜಗಳವಾಗಿ ಒಬ್ಬಾಕೆ ಎದ್ದುಹೋದಳು, ಅದರಿಂದ ಆ ಬದಿಯ ಹೊಲಿಗೆ ಹೇಗೆ ದೂರದೂರ ಬಿದ್ದಿದೆ, ಎಲ್ಲವನ್ನೂ ಹೇಳಿದಳು. ನನ್ನ ಪುಸ್ತಕದ ತರ್ಕ ದಶಕದ ತನಕ ಬಂದು ನಿಂತಿತ್ತು.

ಅಚ್ಚಿನ ಪುಸ್ತಕಗಳಿಗೆ ಇದೊಂದು ಹಳೆಯ ಚಟ, ಹೊರಗಿನದನ್ನೇ ಬರೆಯುವುದು. 1884ರ ಧಾರವಾಡ ಗೆಜೆಟಿಯರ್ ತೆಗೆಯಿರಿ. ನಮ್ಮ ಸೀಮೆ ಆಗ ಹಾನಗಲ್ಲು, ಕೋಡ, ಬಂಕಾಪುರ ತಾಲೂಕುಗಳು. ಸವಣೂರಿಗೆ ಬೇರೆಯೇ ನವಾಬರು. ಹತ್ತಿಯ ಬೀಜ, ಅದರ ಕಲಬೆರಕೆ, ಜಿನ್ನು, ಮಾರಾಟ ಎಲ್ಲಕ್ಕೂ ಪುಟಗಟ್ಟಲೆ ಜಾಗ. ದೊರೆಗಳಿಗೆ ಬೇಕಾಗಿದ್ದದ್ದು ಮ್ಯಾಂಚೆಸ್ಟರಿಗೆ ಹೋಗುವ ಹತ್ತಿ. ಅದೇ ಹತ್ತಿ ಸೀರೆಯಾಗಿ, ಹರಿದು, ನಡುಮನೆಯಲ್ಲಿ ಕೌದಿಯಾಗುವುದರಲ್ಲಿ ಅವರಿಗೆ ತೆರಿಗೆ ಏನೂ ಸಿಗುತ್ತಿರಲಿಲ್ಲ.

ಈಗ ದೊರೆಗಳಿಲ್ಲ, 2011ರಿಂದ ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯ ಇದೆ. ನನ್ನ ಕಪಾಟಿನಲ್ಲಿ ಮಾತ್ರ ಕೌದಿಯ ಮೇಲೆ ಕನ್ನಡದ್ದು ಒಂದೂ ಇಲ್ಲ. ಅಲ್ಲಿಯ ಹುಡುಗ ಹುಡುಗಿಯರು ಯಾರಾದರೂ ಬರೆಯುವುದಾದರೆ ಬರಲಿ, ದೊಡ್ಡವ್ವನ ಹತ್ತಿರ ಕರೆದೊಯ್ಯುತ್ತೇನೆ. ಬರುವಾಗ ಒಂದು ಹಳೇ ಸೀರೆ ತರಬೇಕು, ಬರಿಗೈಲಿ ಹೋದರೆ ಅವಳು ಬಾಯಿ ಬಿಡುವುದಿಲ್ಲ.

ಅಷ್ಟರೊಳಗೆ ನೀವೊಂದು ಕೆಲಸ ಮಾಡಿ. ಈ ಸಲ ಹಾಸಿಗೆ ಒಗೆದ ಮೇಲೆ, ಕೌದಿ ಮಡಚಿ ಇಡುವ ಮುಂಚೆ, ಅಂಗೈಯಗಲದ ಬಿಳಿ ಅರಿವೆಯ ಮೇಲೆ ಹೊಲಿದವಳ ಹೆಸರು, ಊರು, ವರ್ಷ ಹಾಕಿ ಹಿಂಬದಿಯ ಮೂಲೆಗೆ ಹೊಲಿದುಬಿಡಿ. ಶಾಯಿಯಲ್ಲಿ ಬರೆಯಬೇಡಿ, ಒಗೆತಕ್ಕೆ ಹೋಗುತ್ತದೆ. ಬಣ್ಣದ ದಾರದಲ್ಲಿ ಬರೆಯಿರಿ.